ಫ್ಯಾರಡೆ ಕೊಡುತ್ತಿದ್ದ ಕ್ಷೌರದ ಕತ್ತಿ

ಹಳೆಯ ಕಾಲದ ಮಡಚುವ ಕ್ಷೌರದ ಕತ್ತಿ ಕೈಗೆ ಸಿಕ್ಕರೆ ಒಮ್ಮೆ ಬಿಚ್ಚಿ ನೋಡಿ. ಅದರಲ್ಲಿ ಇರೋದು ಬೆರಳೆಣಿಕೆಯ ಭಾಗಗಳು. ಒಂದು ಅಲಗು, ಅದನ್ನು ಮುಚ್ಚಿಟ್ಟುಕೊಳ್ಳುವ ಎರಡು ಹಿಡಿಪಟ್ಟಿ, ಪಟ್ಟಿಗಳ ತುದಿಯ ನಡುವೆ ಒಂದು ಸಣ್ಣ ಬೆಣೆ, ಅಲಗು ತಿರುಗೋದಕ್ಕೆ ಒಂದು ಪಿನ್ನು, ಪಿನ್ನಿನ ಎರಡೂ ತಲೆಗೆ ಪುಟ್ಟ ವಾಷರು. ಪಿನ್ನು ಸವೆದು ಅಲಗು ಅತ್ತಿತ್ತ ಅಲ್ಲಾಡತೊಡಗಿದರೆ ಚಿಂತೆಯಿಲ್ಲ. ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ ಫಿಟ್ಟಿಂಗ್ ಕಲಿತ ನಮ್ಮಲ್ಲಿ ಯಾರು ಬೇಕಾದರೂ ಹೊಸದು ಮಾಡಬಹುದು. ಒಂದೂವರೆ ಮಿಲಿಮೀಟರ್ ಆಸುಪಾಸಿನ ಹಿತ್ತಾಳೆ ಕಡ್ಡಿ ತಗೊಂಡು, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ವಾಷರ್ ಏರಿಸಿ, ಬಾಲ್ ಪೀನ್ ಸುತ್ತಿಗೆಯಲ್ಲಿ ಎರಡೂ ಕಡೆ ಮೆಲ್ಲಗೆ ತಟ್ಟಿ ತಲೆ ಅರಳಿಸಿದರೆ ಮುಗೀತು. ಜೋರಾಗಿ ಹೊಡೆದರೆ ಹಿಡಿಪಟ್ಟಿ ಸೀಳುತ್ತೆ, ಅಷ್ಟೇ ಎಚ್ಚರಿಕೆ.

ಆದರೆ ಅಲಗೇ ಹಾಳಾದರೆ? ಆಗ ಲೇತ್, ಫೈಲು, ಸುತ್ತಿಗೆ ಯಾವುದೂ ಸಾಲಲ್ಲ. ಅಲಗು ಆಕಾರದ ಪ್ರಶ್ನೆಯಲ್ಲ, ಉಕ್ಕಿನ ಪ್ರಶ್ನೆ. ಗಟ್ಟಿ ಇಲ್ಲದ ಉಕ್ಕಾದರೆ ಎರಡು ಗಡ್ಡಕ್ಕೇ ಅಂಚು ಮೊಂಡಾಗುತ್ತೆ. ತೀರಾ ಗಟ್ಟಿಯಾದರೆ ಅಂಚು ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಇವೆರಡರ ನಡುವಿನ ಕಿರಿದಾದ ಜಾಗ ಹುಡುಕೋದೇ ಕತ್ತಿ ಮಾಡುವವನ ಕಸುಬು. ಸುಮಾರು 200 ವರ್ಷದ ಹಿಂದೆ ಲಂಡನ್ನಿನ ಒಂದು ನೆಲಮಾಳಿಗೆಯಲ್ಲಿ ಕುಲುಮೆ ಹೊತ್ತಿಸಿಕೊಂಡು ಈ ಜಾಗವನ್ನೇ ಹುಡುಕುತ್ತಾ ಐದಾರು ವರ್ಷ ಕಳೆದ ಒಬ್ಬ ಯುವಕನಿದ್ದ. ಅವನ ಹೆಸರು ನಮಗೆಲ್ಲ ಗೊತ್ತು, ಮೈಕೆಲ್ ಫ್ಯಾರಡೆ. ಟ್ರಾನ್ಸ್‌ಫಾರ್ಮರ್, ಜನರೇಟರ್, ಎಲೆಕ್ಟ್ರಾಲಿಸಿಸ್ ನಿಯಮ, ಕೆಪಾಸಿಟರಿನ ಫ್ಯಾರಡ್ ಇವೆಲ್ಲ ಪರೀಕ್ಷೆಗೆ ಬರುವ ಫ್ಯಾರಡೆ. ಈ ಸಲ ನಾವು ಹೇಳಹೊರಟಿರೋದು ಪರೀಕ್ಷೆಗೆ ಬಾರದ ಫ್ಯಾರಡೆಯ ಕಥೆ.

ಕಮ್ಮಾರನ ಮಗ

1791ರ ಸೆಪ್ಟೆಂಬರ್ 22ರಂದು ಲಂಡನ್ನಿಗೆ ಅಂಟಿಕೊಂಡಿದ್ದ ನ್ಯೂವಿಂಗ್ಟನ್‌ನಲ್ಲಿ ಫ್ಯಾರಡೆ ಹುಟ್ಟಿದ. ಅಪ್ಪ ಜೇಮ್ಸ್ ಕಮ್ಮಾರ. ಇಂಗ್ಲೆಂಡಿನ ಉತ್ತರದ ಹಳ್ಳಿಯಿಂದ ಹೊಟ್ಟೆಪಾಡಿಗಾಗಿ ಲಂಡನ್ನಿಗೆ ಬಂದವನು. ಮೈಯಲ್ಲಿ ಸದಾ ಕಾಯಿಲೆ, ಹಾಗಾಗಿ ಕೆಲಸ ಇದ್ದರೂ ದಿನವೂ ಸುತ್ತಿಗೆ ಎತ್ತೋಕೆ ಆಗ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು, ಮೈಕೆಲ್ ಮೂರನೆಯವನು. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಅಮ್ಮ ಅವನ ಕೈಗೆ ಒಂದು ರೊಟ್ಟಿ ಕೊಟ್ಟರೆ ಅದನ್ನೇ ಒಂದು ವಾರ ಹಂಚಿಕೊಂಡು ತಿನ್ನಬೇಕಿತ್ತಂತೆ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ, ಅಷ್ಟೇ. ಮುಂದೆ ಜಗತ್ತೇ ಮೆಚ್ಚುವ ಭೌತವಿಜ್ಞಾನಿಯಾದ ಮೇಲೂ ಗಣಿತ ಅವನಿಗೆ ದೂರದ ನೆಂಟನಾಗೇ ಉಳಿಯಿತು.

13ನೇ ವಯಸ್ಸಿಗೆ ಜಾರ್ಜ್ ರೀಬೋ ಅನ್ನುವ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದ. ಮರುವರ್ಷ ಅಲ್ಲೇ ಏಳು ವರ್ಷಕ್ಕೆ ಬೈಂಡಿಂಗ್ ಕಲಿಯುವ ಅಪ್ರೆಂಟಿಸ್ ಆದ. ಹೊಲಿಯೋಕೆ ಬಂದ ಪುಸ್ತಕಗಳನ್ನು ಹೊಲಿಯುವ ಮೊದಲು ಓದಿಬಿಡೋದು ಅವನ ಅಭ್ಯಾಸವಾಯ್ತು. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಲೇಖನ ಸಿಕ್ಕಿತು, ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಸಂವಾದಗಳ ಪುಸ್ತಕ ಸಿಕ್ಕಿತು. ಓದಿದ್ದನ್ನು ಮಾಡಿ ನೋಡದೆ ನಂಬುವ ಜಾಯಮಾನ ಅವನದಲ್ಲ. ಅಲ್ಲಿ ಇಲ್ಲಿ ಸಾಮಾನು ಹೊಂದಿಸಿ ಒಂದು ವಿದ್ಯುತ್ ಯಂತ್ರವನ್ನೇ ಕಟ್ಟಿಕೊಂಡ. ಊರಲ್ಲಿ ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ನಡೀತಿತ್ತು, ಪ್ರವೇಶಕ್ಕೆ ಒಂದು ಶಿಲ್ಲಿಂಗ್. ಆ ದುಡ್ಡು ಕೊಟ್ಟದ್ದು ಅಣ್ಣ ರಾಬರ್ಟ್. ಅವನೂ ಅಪ್ಪನ ಹಾಗೆ ಕಮ್ಮಾರ. ಫ್ಯಾರಡೆಯ ವಿಜ್ಞಾನಕ್ಕೆ ಸಿಕ್ಕ ಮೊದಲ ಅನುದಾನ ಕುಲುಮೆಯಿಂದಲೇ ಬಂತು ಅನ್ನಬಹುದು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದು, ಚಿತ್ರ ಬಿಡಿಸಿ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ನೋಟ್ಸ್ ಚೆನ್ನಾಗಿ ಬರೆಯೋದರಿಂದ ಕೆಲಸ ಸಿಗುತ್ತಾ ಅಂತ ಕೇಳುವವರಿಗೆ ಇದೊಂದು ಉದಾಹರಣೆ. ಕೆಲವೇ ತಿಂಗಳಲ್ಲಿ ಅಲ್ಲಿನ ಪ್ರಯೋಗಾಲಯದ ಸಹಾಯಕ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡ, 1813ರ ಮಾರ್ಚ್‌ನಲ್ಲಿ ಆ ಜಾಗಕ್ಕೆ ಫ್ಯಾರಡೆ ಬಂದ. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಮೇಲಂತಸ್ತಿನಲ್ಲಿ ಎರಡು ಕೋಣೆ. ಅದೇ ವರ್ಷ ಡೇವಿ ದಂಪತಿಗಳ ಜೊತೆ ಯೂರೋಪ್ ಪ್ರವಾಸ ಹೊರಟ. ದೊಡ್ಡ ದೊಡ್ಡ ವಿಜ್ಞಾನಿಗಳ ಪರಿಚಯ ಆಯ್ತು, ಜೊತೆಗೆ ಡೇವಿಯ ಹೆಂಡತಿಯಿಂದ ಆಳಿನ ಹಾಗೆ ನಡೆಸಿಕೊಳ್ಳುವ ಅವಮಾನವೂ ಆಯ್ತು. 1815ರಲ್ಲಿ ವಾಪಸು ಬಂದ ಮೇಲೆ ಮತ್ತೆ ಪ್ರಯೋಗಾಲಯ.

ಉಕ್ಕು ಹೋಗಿ ವೂಟ್ಸ್ ಆದದ್ದು

ಇಲ್ಲಿ ನಾವು ಸ್ವಲ್ಪ ನಮ್ಮ ಕಡೆಗೆ ಬರಬೇಕು. 1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಭಾರತದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕಳಿಸಿದ. ಅದರ ಹೆಸರು ವೂಟ್ಸ್ ಅಂತ ಅಲ್ಲಿ ದಾಖಲಾಯ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಆ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ನಮ್ಮ ಉಕ್ಕು ಅನ್ನುವ ಪದವೇ ಇಂಗ್ಲಿಷರ ಕಿವಿ ಮತ್ತು ಲೇಖನಿಗಳ ನಡುವೆ ಎಲ್ಲೋ ಕೆಟ್ಟು ವೂಟ್ಸ್ ಆಗಿರಬೇಕು ಅನ್ನೋದು ಬಹಳ ವಿದ್ವಾಂಸರು ಒಪ್ಪುವ ಮಾತು.

ಈ ಉಕ್ಕು ಮಾಡುವ ರೀತಿಯನ್ನು 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನೋಡಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ತಂಗಡಿ ಗಿಡದ ಕಟ್ಟಿಗೆಯ ಚೂರು, ಮೇಲೆ ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿ ಜೋಡಿಸಿ, ಗಂಟೆಗಟ್ಟಲೆ ತಿದಿ ಒತ್ತೋದು. ಕಟ್ಟಿಗೆಯ ಇಂಗಾಲವನ್ನು ಕಬ್ಬಿಣ ಹೀರಿಕೊಂಡು ಕರಗಿ ಉಕ್ಕಿನ ಗಟ್ಟಿಯಾಗುತ್ತೆ. ಅದೇ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರನ್ನೂ ನೋಡಿದ್ದ.

ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಜೇಮ್ಸ್ ಸ್ಟೋಡಾರ್ಟ್ ಅನ್ನುವ ಕಸುಬುದಾರನ ಅಂಗಡಿಯಿತ್ತು. ಕ್ಷೌರದ ಕತ್ತಿ, ಚಾಕು, ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವವನು. ಪಿಯರ್ಸನ್‌ಗಾಗಿ ವೂಟ್ಸ್‌ನಿಂದ ಚಾಕು ಬಡಿದುಕೊಟ್ಟವನೂ ಇವನೇ. ಬಡಿಯೋದು ಕಷ್ಟ, ಒಂದು ಸ್ವಲ್ಪ ಹೆಚ್ಚು ಕಾಯಿಸಿದರೆ ಪುಡಿಪುಡಿ, ಆದರೆ ಸರಿಯಾಗಿ ಹದ ಕೊಟ್ಟರೆ ಇಂಗ್ಲಿಷ್ ಉಕ್ಕನ್ನು ಮೀರಿಸುವ ಅಂಚು ಅಂತ ಅನುಭವದಿಂದ ಕಂಡುಕೊಂಡಿದ್ದ. ಯಾಕೆ ಹೀಗೆ ಅನ್ನೋದು ಮಾತ್ರ ಅವನಿಗೆ ತಿಳಿಯದು. ಆ ಯಾಕೆಗೆ ಉತ್ತರ ಹುಡುಕೋಕೆ ಅವನಿಗೆ ಸಿಕ್ಕ ಜೊತೆಗಾರ ಫ್ಯಾರಡೆ. 1818ರ ಹೊತ್ತಿಗೆ ಇಬ್ಬರೂ ಸೇರಿ ಕೆಲಸ ಶುರು ಮಾಡಿದಾಗ ಸ್ಟೋಡಾರ್ಟ್‌ಗೆ 58ರ ಹತ್ತಿರ, ಫ್ಯಾರಡೆಗೆ 27ರ ಹತ್ತಿರ. ಒಬ್ಬ ಕೈ ಪಳಗಿದವನು, ಇನ್ನೊಬ್ಬ ಕಮ್ಮಾರಿಕೆಯ ಮನೆಯಿಂದ ಬಂದ ರಸಾಯನಜ್ಞ.

ತಪ್ಪು ಉತ್ತರ ಕೊಟ್ಟ ಸರಿಯಾದ ಪ್ರಯೋಗ

1819ರಲ್ಲಿ ಫ್ಯಾರಡೆ ವೂಟ್ಸ್‌ನ ವಿಶ್ಲೇಷಣೆ ಪ್ರಕಟಿಸಿದ. ಅದರಲ್ಲಿ ಅಲ್ಯೂಮಿನಾ ಮತ್ತು ಸಿಲಿಕಾ ಅಲ್ಪ ಸ್ವಲ್ಪ ಸಿಕ್ಕಿದ್ದವು. ಹಾಗಾದರೆ ವೂಟ್ಸ್‌ನ ಗುಟ್ಟು ಇದೇ, ಉಕ್ಕಿನಲ್ಲಿ ಬೆರೆತ ಅಲ್ಯೂಮಿನಿಯಂ ಅಂತ ತೀರ್ಮಾನಿಸಿದ. ಗಮನಿಸಿ, ಆಗಿನ್ನೂ ಅಲ್ಯೂಮಿನಿಯಂ ಲೋಹವನ್ನು ಯಾರೂ ಕಣ್ಣಾರೆ ಕಂಡೇ ಇರಲಿಲ್ಲ. ಅದನ್ನು ಬೇರ್ಪಡಿಸಿದ್ದು 1825ರಲ್ಲಿ. ತನ್ನ ಊಹೆಯನ್ನು ಪರೀಕ್ಷಿಸಲು ಫ್ಯಾರಡೆ ಇಂಗಾಲ ತುಂಬಿದ ಕಬ್ಬಿಣವನ್ನು ಅಲ್ಯೂಮಿನಾ ಜೊತೆ ಕಾಯಿಸಿ, ಬಂದ ಲೋಹವನ್ನು ಒಳ್ಳೆಯ ಉಕ್ಕಿಗೆ ಬೆರೆಸಿ ಕರಗಿಸಿದ. ಬಡಿದು, ಉಜ್ಜಿ, ಆಮ್ಲ ಹಚ್ಚಿದಾಗ ವೂಟ್ಸ್‌ನಲ್ಲಿರುವಂಥದೇ ಅಲೆ ಅಲೆ ಚಿತ್ತಾರ ಎದ್ದು ಬಂತು!

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾ? ಬೇಕಿತ್ತು. ಚಿತ್ತಾರಕ್ಕೆ ಮುಖ್ಯ ಕಾರಣ ಅಲ್ಯೂಮಿನಿಯಂ ಅಲ್ಲ, ಶೇಕಡಾ ಒಂದೂವರೆಯ ಆಸುಪಾಸಿನ ಇಂಗಾಲ ಮತ್ತು ಆ ಮೂಸೆ ನಿಧಾನವಾಗಿ ತಣಿಯುವ ರೀತಿ, ಅದರಿಂದ ಸಾಲುಗಟ್ಟಿ ನಿಲ್ಲುವ ಕಾರ್ಬೈಡ್ ಕಣಗಳು ಅಂತ ನಾವು ಇವತ್ತು ಓದ್ತೀವಿ. ಫ್ಯಾರಡೆ ಬೆರೆಸಿದ ಲೋಹದಲ್ಲೂ ಇಂಗಾಲ ಧಾರಾಳವಾಗಿತ್ತು. ಅವನು ಒಂದನ್ನು ಬದಲಿಸಿದೆ ಅಂದುಕೊಂಡ, ಬದಲಾಗಿದ್ದು ಎರಡು. ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ದಿನಾ ಆಗುವ ತಪ್ಪು ಇದೇ ಅಲ್ವಾ? ಬಂದ ಫಲಿತಾಂಶ ನಿಜ, ಕೊಟ್ಟ ಕಾರಣ ಸುಳ್ಳು.

ಆದರೆ ಈ ತಪ್ಪಿನಿಂದಲೇ ಮುಂದಿನ ಪ್ರಶ್ನೆ ಹುಟ್ಟಿತು. ಒಂದಿಷ್ಟು ಬೇರೆ ಲೋಹ ಬೆರೆತರೆ ಉಕ್ಕು ಉತ್ತಮವಾಗುತ್ತೆ ಅಂತಾದರೆ, ಉಳಿದ ಲೋಹಗಳನ್ನೂ ಯಾಕೆ ಬೆರೆಸಿ ನೋಡಬಾರದು? ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ತಿದಿ ಕುಲುಮೆ ಉರಿಯತೊಡಗಿತು. ಬೆಳ್ಳಿ, ಚಿನ್ನ, ತಾಮ್ರ, ತವರ, ನಿಕಲ್, ಕ್ರೋಮಿಯಂ, ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ, ಇರಿಡಿಯಂ ಹೀಗೆ ಸಿಕ್ಕಿದ್ದನ್ನೆಲ್ಲ ಉಕ್ಕಿನ ಜೊತೆ ಕರಗಿಸಿದರು. ನಡುವೆ 1819ರ ಬೇಸಿಗೆಯಲ್ಲಿ ಫ್ಯಾರಡೆ ಗೆಳೆಯನೊಬ್ಬನ ಜೊತೆ ವೇಲ್ಸ್‌ನಲ್ಲಿ ಕಾಲ್ನಡಿಗೆ ಪ್ರವಾಸ ಮಾಡಿದ. ಅಲ್ಲಿ ಡೌಲೈಸ್ ಎಂಬಲ್ಲಿನ ದೊಡ್ಡ ಕಬ್ಬಿಣದ ಕಾರ್ಖಾನೆ ಹೊಕ್ಕು ನೋಡಿ ಬಂದ. ಅವನ ಮಟ್ಟಿಗೆ ಅದು ಇಂಡಸ್ಟ್ರಿಯಲ್ ವಿಸಿಟ್.

ಫಲಿತಾಂಶಗಳು 1820 ಮತ್ತು 1822ರ ಎರಡು ಪ್ರಬಂಧಗಳಲ್ಲಿ ಬಂದವು. ಬೆಳ್ಳಿಯ ವಿಷಯ ಸ್ವಾರಸ್ಯದ್ದು. ಹೆಚ್ಚು ಹಾಕಿದರೆ ಅದು ಉಕ್ಕಿನಲ್ಲಿ ಬೆರೆಯದೆ ಎಳೆ ಎಳೆಯಾಗಿ ಹೊರಗೆ ಬರ್ತಿತ್ತು. ಕಡಿಮೆ ಮಾಡುತ್ತಾ ಮಾಡುತ್ತಾ 500 ಭಾಗ ಉಕ್ಕಿಗೆ ಒಂದು ಭಾಗ ಬೆಳ್ಳಿಗೆ ಬಂದಾಗ ಎಳೆ ಮಾಯವಾಯ್ತು, ಒಳ್ಳೆಯ ಉಕ್ಕು ಸಿಕ್ಕಿತು. ಉಕ್ಕು ಮತ್ತು ಪ್ಲಾಟಿನಂ ಸಮಸಮ ಹಾಕಿದರೆ ಕನ್ನಡಿಗೆ ಹೇಳಿ ಮಾಡಿಸಿದಂಥ ಹೊಳಪು. ಕಬ್ಬಿಣಕ್ಕೆ ನಿಕಲ್ ಬೆರೆಸಿದರೆ ತುಕ್ಕು ಕಡಿಮೆ, ಆದರೆ ಅದೇ ನಿಕಲ್ ಅವರ ಉಕ್ಕಿಗೆ ಬಿದ್ದಾಗ ತುಕ್ಕು ಇನ್ನೂ ಬೇಗ ಹಿಡೀತು. ಎಲ್ಲಕ್ಕಿಂತ ಅವರ ಮನಸ್ಸು ಗೆದ್ದದ್ದು ರೋಡಿಯಂ. ಅತ್ಯುತ್ತಮ ಇಂಗ್ಲಿಷ್ ಉಕ್ಕಿಗಿಂತ ವೂಟ್ಸ್‌ಗೆ ಹದ ಕೊಡಲು 40 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬೇಕು, ರೋಡಿಯಂ ಉಕ್ಕಿಗೆ ಅದಕ್ಕಿಂತ ಇನ್ನೂ 30 ಡಿಗ್ರಿ ಹೆಚ್ಚು. ಹೆಚ್ಚು ಕಾಯಿಸಿ ಹದ ಕೊಟ್ಟರೂ ಗಡಸು ಉಳಿಸಿಕೊಳ್ಳುವ ಉಕ್ಕು ಅಂದರೆ ಏನಂತ ಮೆಟಲರ್ಜಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಶೆಫೀಲ್ಡ್‌ನಲ್ಲಿ ಹತ್ತಿಪ್ಪತ್ತು ಪೌಂಡ್ ತೂಕದ ಮೂಸೆಗಳಲ್ಲೂ ಇವನ್ನು ಕರಗಿಸಿ ನೋಡಿದರು. ಅವುಗಳಿಂದ ಕ್ಷೌರದ ಕತ್ತಿಗಳು ತಯಾರಾದವು.

ಒಂದು ಅಪವಾದ

ರೋಡಿಯಂ ಎಲ್ಲಿಂದ ಬಂತು? ಅದನ್ನು ಕಂಡುಹಿಡಿದವನೇ ಆದ ವಿಲಿಯಂ ವೊಲಾಸ್ಟನ್ ಕೊಟ್ಟದ್ದು. ದೊಡ್ಡ ಹೆಸರು, ದೊಡ್ಡ ಮನುಷ್ಯ. 1821 ಫ್ಯಾರಡೆಯ ಬಾಳಿನಲ್ಲಿ ತುಂಬಾ ಒಳ್ಳೆಯ ವರ್ಷವೂ ಹೌದು, ತುಂಬಾ ಕೆಟ್ಟ ವರ್ಷವೂ ಹೌದು. ಜೂನ್‌ನಲ್ಲಿ ಸಾರಾ ಬರ್ನಾರ್ಡ್ ಜೊತೆ ಮದುವೆಯಾಯ್ತು. ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದ. ನಮ್ಮ ಎಲೆಕ್ಟ್ರಿಕ್ ಮೋಟಾರಿನ ಮುತ್ತಜ್ಜ ಅದು. ಪ್ರಬಂಧ ಬೇಗ ಅಚ್ಚಾಯ್ತು, ಅದರಲ್ಲಿ ವೊಲಾಸ್ಟನ್ ಹೆಸರಿರಲಿಲ್ಲ. ವೊಲಾಸ್ಟನ್ ಕೂಡ ಆಗ ತಂತಿ ತಿರುಗಿಸುವ ಇನ್ನೊಂದು ವಿಚಾರದ ಬೆನ್ನು ಹತ್ತಿದ್ದ. ಕಮ್ಮಾರನ ಮಗ ದೊಡ್ಡವರ ವಿಚಾರ ಕದ್ದ ಅನ್ನುವ ಗುಸುಗುಸು ಲಂಡನ್ನಿನಲ್ಲಿ ಹಬ್ಬಿತು.

ಫ್ಯಾರಡೆಗೆ ದುಡ್ಡಿಲ್ಲ, ಮನೆತನದ ಬಲವಿಲ್ಲ. ಇದ್ದದ್ದು ಪ್ರಾಮಾಣಿಕತೆ ಒಂದೇ, ಈಗ ಅದರ ಮೇಲೇ ಕಲ್ಲು ಬಿದ್ದಿತ್ತು. ಅವನು ತನ್ನ ಸಂಕಟವನ್ನು ಬರೆದು ಹೇಳಿಕೊಂಡಿದ್ದು ಕತ್ತಿ ಮಾಡುವ ಸ್ಟೋಡಾರ್ಟ್ ಹತ್ತಿರ. ತನ್ನ ಮೇಲಿನ ದೂರು ಏನು ಅಂತ ತಿಳಿಸು, ಸರಿಪಡಿಸಿಕೊಳ್ಳೋಕೆ ಸಹಾಯ ಮಾಡು ಅಂತ ಕೇಳಿಕೊಂಡ. ಆಮೇಲೆ ನೇರವಾಗಿ ವೊಲಾಸ್ಟನ್‌ಗೂ ಬರೆದ. ವೊಲಾಸ್ಟನ್ ವಿಷಯ ದೊಡ್ಡದು ಮಾಡಲಿಲ್ಲ. ಗುಸುಗುಸು ಮಾತ್ರ ನಿಲ್ಲಲಿಲ್ಲ. 1824ರ ಜನವರಿಯಲ್ಲಿ ಫ್ಯಾರಡೆ ರಾಯಲ್ ಸೊಸೈಟಿಗೆ ಆಯ್ಕೆಯಾದಾಗ, ಅದಕ್ಕೆ ಅಡ್ಡಗಾಲು ಹಾಕಲು ನೋಡಿದವನು ಅವನನ್ನು ಬೆಳೆಸಿದ ಡೇವಿಯೇ. ಆ ಹೊತ್ತಿಗೆ ಸ್ಟೋಡಾರ್ಟ್ ಇರಲಿಲ್ಲ. 1823ರ ಸೆಪ್ಟೆಂಬರ್‌ನಲ್ಲಿ ಅವನು ತೀರಿಕೊಂಡಿದ್ದ.

ಅವನ ಜೊತೆಗೆ ಉಕ್ಕಿನ ಕೆಲಸವೂ ಹೆಚ್ಚುಕಡಿಮೆ ನಿಂತಿತು. ಲೆಕ್ಕ ಹಾಕಿದರೆ ಲಾಭವೇನೂ ಇಲ್ಲ. ಚೆನ್ನಾಗಿ ಬಂದ ಉಕ್ಕಿಗೆ ರೋಡಿಯಂ, ಪ್ಲಾಟಿನಂ ಬೇಕು, ಅವನ್ನು ಹಾಕಿ ಕತ್ತಿ ಮಾಡಿದರೆ ಕೊಳ್ಳುವವರು ಯಾರು? ಐದಾರು ವರ್ಷದ ಬೆವರಿಗೆ ಉಳಿದದ್ದು ಎರಡು ಪ್ರಬಂಧ, ಒಂದಿಷ್ಟು ಉಕ್ಕಿನ ಚೂರು, ಕೆಲವು ಕ್ಷೌರದ ಕತ್ತಿ. ಮುಂದೆ ಎಷ್ಟೋ ವರ್ಷಗಳವರೆಗೆ ಫ್ಯಾರಡೆ ತಾನು ಕಂಡುಹಿಡಿದ ಒಂದು ವಿಶೇಷ ಉಕ್ಕಿನಿಂದ ಮಾಡಿದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದನಂತೆ. ಆ ಕೆಲಸಕ್ಕೆ ಆಗ ಸಿಕ್ಕ ಮಾರುಕಟ್ಟೆ ಅಷ್ಟೇ.

ಆಮೇಲಿನದು ನಮಗೆ ಗೊತ್ತಿರುವ ಕಥೆ. 1825ರಲ್ಲಿ ಬೆಂಜೀನ್, ಅದೇ ವರ್ಷ ಪ್ರಯೋಗಾಲಯದ ನಿರ್ದೇಶಕ ಸ್ಥಾನ. ಅಲ್ಲಿಂದ ಐದು ವರ್ಷ ದುರ್ಬೀನಿಗೆ ಬೇಕಾದ ಗಾಜು ಸುಧಾರಿಸುವ ಇನ್ನೊಂದು ಕುಲುಮೆಯ ಕೆಲಸ. ಅದೂ ದೊಡ್ಡದಾಗಿ ಗೆಲ್ಲಲಿಲ್ಲ. 1831ರ ಆಗಸ್ಟ್ 29ರಂದು ಮೆದು ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿ ಇಂಡಕ್ಷನ್ ಕಂಡ. 1833-34ರಲ್ಲಿ ಎಲೆಕ್ಟ್ರಾಲಿಸಿಸ್ ನಿಯಮಗಳು. 1845ರಲ್ಲಿ ಬೆಳಕಿನ ಮೇಲೆ ಅಯಸ್ಕಾಂತದ ಪ್ರಭಾವ ತೋರಿಸಿದ್ದು ಯಾವ ವಸ್ತುವಿನಿಂದ ಗೊತ್ತಾ? ಸೋತ ಗಾಜಿನ ಕೆಲಸದಲ್ಲಿ ಉಳಿದಿದ್ದ ಭಾರದ ಗಾಜಿನ ತುಂಡಿನಿಂದ. ಸರ್ ಪದವಿ ಬೇಡ ಅಂದ, ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯನ್ನು ಎರಡು ಸಲ ಬೇಡ ಅಂದ. 1841ರಲ್ಲಿ ಆರೋಗ್ಯ ಕೆಟ್ಟು ಸ್ವಿಟ್ಜರ್ಲೆಂಡಿಗೆ ಹೋದಾಗ ದಾರಿಯಲ್ಲಿ ಮೊಳೆ ಬಡಿಯುವ ಕಮ್ಮಾರಸಾಲೆ ಕಂಡು ನಿಂತುಬಿಟ್ಟ. ಕಮ್ಮಾರಿಕೆ ತನಗೆ ಇಷ್ಟ, ತನ್ನಪ್ಪ ಕಮ್ಮಾರ ಅಂತ ಅವತ್ತಿನ ದಿನಚರಿಯಲ್ಲಿ ಬರೆದುಕೊಂಡ. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟ್‌ನಲ್ಲಿ, ರಾಣಿ ವಿಕ್ಟೋರಿಯಾ ಕೊಟ್ಟಿದ್ದ ಮನೆಯಲ್ಲಿ, ತೀರಿಕೊಂಡ.

ಪೆಟ್ಟಿಗೆ ತೆರೆದಾಗ

ಉಕ್ಕಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಫ್ಯಾರಡೆ ಮತ್ತು ಸ್ಟೋಡಾರ್ಟ್ ಪ್ರಬಂಧ ಓದಿದ ಫ್ರಾನ್ಸಿನ ಪಿಯರ್ ಬರ್ತಿಯೇ 1821ರಲ್ಲೇ ಕ್ರೋಮಿಯಂ ಉಕ್ಕಿನ ಕಡೆ ತಿರುಗಿದ. ಅದರಿಂದ ಒಂದು ಚಾಕು, ಒಂದು ಕ್ಷೌರದ ಕತ್ತಿ ಮಾಡಿಸಿದ. 1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಸುಮಾರು ಶೇಕಡಾ 13 ಕ್ರೋಮಿಯಂ ಇರುವ ತುಕ್ಕು ಹಿಡಿಯದ ಉಕ್ಕು ಕರಗಿಸಿದ. ಇವತ್ತು ನಮ್ಮ ಹಾಸ್ಟೆಲಿನ ಬಕೆಟ್ಟುಗಳಲ್ಲಿ ಬಿದ್ದಿರುವ ಬ್ಲೇಡುಗಳಲ್ಲೂ ಇರೋದು ಅದೇ ವಂಶದ ಉಕ್ಕು. ಫ್ಯಾರಡೆ ಕ್ರೋಮಿಯಂ ಹಾಕಿದ್ದು ತೀರಾ ಕಡಿಮೆ. ಬಾಗಿಲವರೆಗೆ ಹೋಗಿ ತಟ್ಟಿ ವಾಪಸು ಬಂದಿದ್ದ.

ಇಂಡಕ್ಷನ್‌ಗೆ ನೂರು ವರ್ಷ ತುಂಬಿದ 1931ರಲ್ಲಿ ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ ಒಂದು ಪುಸ್ತಕ ಹೊರತಂದ. ಮ್ಯಾಂಗನೀಸ್ ಉಕ್ಕು ಕಂಡುಹಿಡಿದ ಹ್ಯಾಡ್‌ಫೀಲ್ಡ್ ಅವನು. ಫ್ಯಾರಡೆ ಬಿಟ್ಟುಹೋಗಿದ್ದ ಉಕ್ಕಿನ ಚೂರುಗಳಿದ್ದ ಪೆಟ್ಟಿಗೆ ತೆರೆದು, ಒಳಗಿದ್ದ 79 ತುಂಡುಗಳನ್ನು ತನ್ನ ಕಾಲದ ಉಪಕರಣಗಳಿಂದ ಪರೀಕ್ಷಿಸಿ ಬರೆದದ್ದು ಅದು. ಮಿಶ್ರಲೋಹ ಉಕ್ಕಿನ ಸಂಶೋಧನೆಗೆ ದಾರಿ ತೋರಿಸಿದವರಲ್ಲಿ ಫ್ಯಾರಡೆ ಮೊದಲಿಗ ಅನ್ನೋದನ್ನು ಆ ಚೂರುಗಳೇ ಹೇಳಿದವು. ಫ್ಯಾರಡೆ ಅವನ್ನು ಎಸೆದಿರಲಿಲ್ಲ, ಅದಕ್ಕೇ ಹೇಳಲು ಸಾಧ್ಯವಾಯ್ತು.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಕೈಕೊಟ್ಟಾಗ ನಮ್ಮಲ್ಲಿ ಎಷ್ಟೋ ಜನ ಮಾಡೋ ಮೊದಲ ಕೆಲಸ ಅಂದರೆ ಸ್ಯಾಂಪಲ್ ಎಲ್ಲ ಸ್ಕ್ರ್ಯಾಪ್‌ಗೆ ಹಾಕೋದು, ಕೆಟ್ಟ ರೀಡಿಂಗ್ ಅಳಿಸೋದು. ಈ ಸಲ ಹಾಗೆ ಮಾಡೋ ಮೊದಲು ಒಂದು ಡಬ್ಬಿ ಹುಡುಕೋಣ. ತುಂಡುಗಳನ್ನು ಅದರಲ್ಲಿ ಹಾಕಿ, ಯಾವುದರಲ್ಲಿ ಏನು ಎಷ್ಟು ಬೆರೆಸಿದೆವು ಅಂತ ಚೀಟಿ ಅಂಟಿಸಿ, ಲ್ಯಾಬಿನ ಕಪಾಟಿನಲ್ಲಿ ಇಟ್ಟು ಹೋಗೋಣ. ಮುಂದಿನ ಬ್ಯಾಚಿನವರು ತೆರೆದು ನೋಡಲಿ.